ಪ್ಯಾಟ್ ಗಿಡಕ್ಕೊಂದು ಮಾಡು

ಗುರುವಾರ ಬೆಳಿಗ್ಗೆ ರೇಡಿಯೊದವನು ಮಳೆಯ ಸುದ್ದಿ ಹೇಳುವಾಗ ಸೊರೆಲ್ ಹ್ಯಾಡ್ಲಾಕ್ ಮೊಮ್ಮಗನಿಗೆ ಬೇಯಿಸಿ ಕಿವುಚಿದ ಸೇಬು ತಿನ್ನಿಸುತ್ತಿದ್ದಳು. ಶನಿವಾರ ಮಧ್ಯಾಹ್ನದಿಂದ ಮೂರು ದಿನ, ಸಮುದ್ರದ ಕಡೆಯಿಂದ, ಗುಡ್ಡದ ನೆತ್ತಿಗಳಲ್ಲಿ ಆರು ಅಂಗುಲದವರೆಗೆ, ಜೊತೆಗೆ ಗಾಳಿ. ಚಮಚ ಅರ್ಧ ದಾರಿಯಲ್ಲಿ ನಿಂತಿತು. ಎಂಟು ತಿಂಗಳ ಆಲ್ಡೊ ಬಾಯಿ ತೆರೆದುಕೊಂಡು ಕಾದ, ಕಾದು ಸಾಕಾಗಿ ಅಂಗೈಯಿಂದ ಮೇಜು ಬಡಿದ.

"ಅಮ್ಮ, ಅವನಿಗೆ ಕೊಡು," ಎಂದಳು ಮಗಳು ಬ್ರಿನ್, ಕಂಪ್ಯೂಟರಿನಿಂದ ಕಣ್ಣೆತ್ತದೆ.

"ಕೊಡ್ತೀನಿ ಕಣೆ."

"ಎರಡು ದಿನ ಟೈಮಿದೆ. ನಾಳೆ ಗಿಡ ಎಲ್ಲಾ ಕಡಿದು ಶೆಡ್ಡಿಗೆ ನೇತುಹಾಕಿದ್ರೆ ಮುಗೀತು. ಕೆಳಗಿನ ತೋಟದ ಡುವೇನ್ ಇವತ್ತೇ ಕಡಿಯೋಕೆ ಶುರು ಮಾಡಿದಾರಂತೆ."

"ಎಲ್ಲಾ ಅಲ್ಲ," ಎಂದಳು ಸೊರೆಲ್. "ಕೊನೇ ಮಡಿಯ ತುದೀಲಿರೋದು ಬಿಟ್ಟು."

ಬ್ರಿನ್ ಈಗ ಕಣ್ಣೆತ್ತಿದಳು. ಆದರೆ ಅಷ್ಟರಲ್ಲಿ ಅವಳಮ್ಮ ಮಗುವಿನ ಗಲ್ಲ ಒರೆಸುವುದರಲ್ಲಿ ಮುಳುಗಿಹೋಗಿದ್ದಳು. ಒರೆಸಿದ ಗಲ್ಲವನ್ನೇ ಮತ್ತೆ ಒರೆಸುತ್ತಿದ್ದಳು.

ಹಂಬೋಲ್ಟ್ ಜಿಲ್ಲೆಯ ಈ ಗುಡ್ಡಗಳಲ್ಲಿ ಬೇಸಿಗೆಯಿಡೀ ಬೆಂಕಿಗೆ ಹೆದರುವ ಜನ ಅಕ್ಟೋಬರಿನಲ್ಲಿ ನೀರಿಗೆ ಹೆದರುತ್ತಾರೆ. ಆರು ತಿಂಗಳು ಹನಿ ಬೀಳದ ಆಕಾಶ, ಗಾಂಜಾ ಗಿಡದ ಹೂಗೊನೆಗಳು ಮುಷ್ಟಿ ಗಾತ್ರಕ್ಕೆ ದಪ್ಪಗಾಗಿ ಅಂಟಂಟಾಗಿ ಕೊಯ್ಲಿಗೆ ಬರುವ ಹೊತ್ತಿಗೇ ಕಪ್ಪಾಗುತ್ತದೆ. ಗೊನೆಯೊಳಗೆ ನೀರು ನಿಂತರೆ ಎರಡನೆಯ ದಿನಕ್ಕೆ ಒಳಗಿನ ಕಡ್ಡಿಯ ಹತ್ತಿರ ಬೂದು ಬಣ್ಣದ ನಯವಾದ ಬೂಷ್ಟು ಹುಟ್ಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ಸಣ್ಣ ಎಲೆ ಸುಮ್ಮನೆ ಹಳದಿಯಾಗಿ ಬಾಡಿರುತ್ತದೆ, ಅಷ್ಟೆ. ಆ ಎಲೆಯನ್ನು ಎಳೆದರೆ ಬುಡಸಮೇತ ಸಲೀಸಾಗಿ ಬಂದುಬಿಡುತ್ತದೆ, ಅದರ ಹಿಂದೆಯೇ ಒಳಗಿನ ಕೊಳೆತ ವಾಸನೆ. ಅದಕ್ಕೇ ಮಳೆ ಬಿದ್ದ ಮರುದಿನ ಗುಡ್ಡದಲ್ಲೆಲ್ಲ ಜನ ಒಂದೊಂದೇ ಗಿಡವನ್ನು ಹಿಡಿದು, ಅಳುವ ಕೂಸನ್ನು ತೂಗಿದ ಹಾಗೆ ಅಲ್ಲಾಡಿಸಿ ನೀರು ಕೊಡವುತ್ತಾರೆ. ತರಗೆಲೆ ಹಾರಿಸುವ ಯಂತ್ರ ಹಿಡಿದು ಗಾಳಿ ಊದುತ್ತಾರೆ. ಬುದ್ಧಿಯಿದ್ದವರು ಮಳೆಗೆ ಮುಂಚೆಯೇ ಕಡಿದು ಒಳಗಿಡುತ್ತಾರೆ.

ಸೊರೆಲ್‌ಗೆ ಬುದ್ಧಿಯಿಲ್ಲದೆ ಏನಿಲ್ಲ. ಐವತ್ಮೂರು ವರ್ಷ, ಎಡ ಮಂಡಿ ಒಂದು ಮಾತು ಕೇಳುವುದಿಲ್ಲ, ಬಿಟ್ಟರೆ ಗಟ್ಟಿ ಹೆಂಗಸು. ಹತ್ತೊಂಬತ್ತು ವರ್ಷ ಗುಡ್ಡದ ಶಾಲೆಯ ವ್ಯಾನು ಓಡಿಸಿದವಳು. ಬೆಂಕಿ ನಂದಿಸುವ ಊರಿನ ಪಡೆಗೆ ಬೀನ್ಸು ಬೇಯಿಸಿ ಹಾಕುವವಳು. ಗಂಡ ರಸ್ ಜಗಳವಿಲ್ಲದೆ ಬಿಟ್ಟುಹೋಗಿ ಆರೆಗಾನಿನಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದಾನೆ, ಕ್ರಿಸ್‌ಮಸ್ಸಿಗೆ ಹೊಗೆಯಲ್ಲಿ ಒಣಗಿಸಿದ ಮೀನು ಕಳಿಸುತ್ತಾನೆ. ಗಾಂಜಾ ಬೆಳೆಯುವುದು ಅಪರಾಧವಲ್ಲವೆಂದು ಕಾನೂನು ಬದಲಾದ ಮೇಲೆ ಇವಳೂ ಲೈಸೆನ್ಸು ಮಾಡಿಸಿದಳು. ಈಗ ಒಂದೊಂದು ಗಿಡದ ಕುತ್ತಿಗೆಗೂ ಸರ್ಕಾರದ ಟ್ಯಾಗು. ಆ ನಂಬರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಬ್ರಿನ್‌ಳದು. ಕಾಗದ ಪತ್ರ ಎಂದರೆ ಸೊರೆಲ್ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ.

ಕೊನೆಯ ಮಡಿಯ ತುದಿಯಲ್ಲಿದ್ದದ್ದು ಪ್ಯಾಟ್ ಗಿಡ.

ಪ್ಯಾಟ್ ಎಂದರೆ ಸೊರೆಲ್‌ಳ ತಾಯಿ. ಎಪ್ಪತ್ಮೂರನೇ ಇಸವಿಯಲ್ಲಿ ಒಹಾಯೊದಿಂದ, ಬ್ರೆಡ್ಡು ಸಾಗಿಸುವ ಹಳೆಯ ವ್ಯಾನಿನಲ್ಲಿ, ಮಡಿಲಲ್ಲಿ ವರ್ಷದ ಕೂಸನ್ನಿಟ್ಟುಕೊಂಡು ಈ ಗುಡ್ಡ ಹತ್ತಿದವಳು. ವರ್ಷಕ್ಕೊಮ್ಮೆ ಒಳ್ಳೆಯ ಗಿಡವೊಂದನ್ನು ಆರಿಸಿ ಬೀಜ ಮಾಡಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ನಲವತ್ತು ವರ್ಷದಲ್ಲಿ ಒಂದು ತಳಿ ಮಾಡಿದ್ದಳು. ಎಲೆ ಕಿವುಚಿದರೆ ಕಿತ್ತಳೆ ಸಿಪ್ಪೆಯ ವಾಸನೆ, ಆಮೇಲೆ ನೆನೆದ ದೇವದಾರು ಹಲಗೆಯದು. ಅವಳು ಅದಕ್ಕೆ ಹೆಸರಿಡಲಿಲ್ಲ. ಗುಡ್ಡದವರೇ ಪ್ಯಾಟ್ ಗಿಡ ಎಂದರು. ಅವಳು ಸತ್ತು ನಾಲ್ಕು ಚಳಿಗಾಲವಾಯಿತು. ಬೀಜ ಸಾಸಿವೆ ಬಾಟಲಿಯೊಂದರಲ್ಲಿ, ಫ್ರೀಜರಿನ ಮೂಲೆಯಲ್ಲಿತ್ತು. ಹೋದ ವರ್ಷ ಗಾಳಿಗೆ ತಂತಿ ಬಿದ್ದು ಕಾಡಿಗೆ ಬೆಂಕಿ ಹತ್ತೀತೆಂಬ ಭಯಕ್ಕೆ ಒಂಬತ್ತು ದಿನ ಕರೆಂಟು ತೆಗೆದರು. ಫ್ರೀಜರು ಕರಗಿತು, ಬಾಟಲಿಗೆ ನೀರಿಳಿಯಿತು. ಈ ವಸಂತದಲ್ಲಿ ಉಳಿದಿದ್ದ ಬೀಜವನ್ನೆಲ್ಲ ಹಾಕಿದಾಗ ಮೊಳೆತದ್ದು ಮೂರೇ. ಒಂದನ್ನು ಹೆಗ್ಗಣ ತಿಂದಿತು. ಉಳಿದದ್ದು ಒಂದು ಗಂಡು, ಒಂದು ಹೆಣ್ಣು.

ಗಂಡು ಗಿಡ ಇಟ್ಟುಕೊಳ್ಳುವುದೆಂದರೆ ಈ ಗುಡ್ಡದಲ್ಲಿ ನೆರೆಯವರ ಬಾವಿಗೆ ಉಗುಳಿದ ಹಾಗೆ. ಅದರ ಹಳದಿ ಪುಡಿ ಗಾಳಿಯಲ್ಲಿ ಹಾರಿ ಯಾರ ತೋಟಕ್ಕೆ ಬಿದ್ದರೂ ಅವರ ಹೂವಿನಲ್ಲಿ ಬೀಜ ಕಟ್ಟುತ್ತದೆ, ಬೆಳೆ ಹಾಳು. ಕೆಳಗಿನ ತಪ್ಪಲಿನಲ್ಲಿ ಡುವೇನ್‌ನ ತೋಟವಿತ್ತು, ಗಾಳಿ ಬೀಸುವುದೂ ಅತ್ತಲೇ. ಸೊರೆಲ್ ಗಂಡು ಗಿಡವನ್ನು ಹಿತ್ತಿಲಲ್ಲಿ ಕೆಟ್ಟುನಿಂತ ಶಾಲೆ ಬಸ್ಸಿನೊಳಗೆ ಇಟ್ಟು, ಕಿಟಕಿಗಳಿಗೆಲ್ಲ ಒದ್ದೆ ಬೆಡ್‌ಶೀಟು ಕಟ್ಟಿ ಬೆಳೆಸಿದಳು. ಗಾಳಿಯಾಡದ ಒಂದು ಮುಂಜಾವದಲ್ಲಿ ಬ್ರಿನ್‌ಳ ಮುಖಕ್ಕೆ ಪೌಡರು ಹಚ್ಚುವ ಕುಂಚದಿಂದ ಹೆಣ್ಣು ಗಿಡದ ಕೆಳಗಿನ ಎರಡು ಕೊಂಬೆಗಳಿಗೆ ಪುಡಿ ಸವರಿ, ಗುರುತಿಗೆ ಕೆಂಪು ಉಣ್ಣೆ ಕಟ್ಟಿ, ಪುಡಿ ಹಾರದಿರಲೆಂದು ಸುತ್ತೆಲ್ಲ ನೀರು ಚಿಮುಕಿಸಿದಳು. ಗಂಡು ಗಿಡವನ್ನು ಒಲೆಗೆ ಹಾಕಿದಳು. ಯಾರಿಗೂ ಹೇಳಲಿಲ್ಲ. ಎಲ್ಲೂ ಬರೆಯಲಿಲ್ಲ.

ಈಗ ಆ ಎರಡು ಕೊಂಬೆಗಳಲ್ಲಿದ್ದದ್ದು ಪ್ಯಾಟ್ ತಳಿಯ ಭೂಮಿಯ ಮೇಲಿನ ಕೊನೆಯ ಬೀಜ.

ಆಲ್ಡೊ ನಿದ್ದೆಹೋದ ಮೇಲೆ ಬ್ರಿನ್ ಅಮ್ಮನನ್ನು ಕೊನೆಯ ಮಡಿಯ ಹತ್ತಿರ ಹಿಡಿದಳು. ಸೊರೆಲ್ ಬಸ್ಸಿನಿಂದ ಕುಂಚದವರೆಗೆ ಎಲ್ಲಾ ಹೇಳಿದಳು.

"ನನ್ನ ಕುಂಚ," ಎಂದಳು ಬ್ರಿನ್.

"ತೊಳೆದಿಟ್ಟೆ."

"ಅಜ್ಜಿ ಗಿಡ ಅಂತ ನನಗಾದ್ರೂ ಹೇಳಬಾರದಿತ್ತಾ ಅಮ್ಮ? ಹೋಗಲಿ. ಯಾವತ್ತು ಸವರಿದೆ?"

"ಕಾಡ್ಗಿಚ್ಚಿನ ಹೊಗೆ ಬಂದಿತ್ತಲ್ಲ, ಆವತ್ತು. ಸೂರ್ಯ ತಾಮ್ರದ ತಟ್ಟೆ ಹಂಗಿದ್ದ."

"ಯಾವ ಹೊಗೆ? ಆಗಸ್ಟ್ ಕೊನೇದಾ, ಸೆಪ್ಟೆಂಬರ್ ನಡುವಿಂದಾ?"

ಸೊರೆಲ್ ಗಿಡದ ಕಡೆ ನೋಡಿದಳು. ಎರಡು ಸಲವೂ ಸೂರ್ಯ ತಾಮ್ರದ ತಟ್ಟೆಯ ಹಾಗೆಯೇ ಇದ್ದ.

"ಮೊದಲನೇದಾದ್ರೆ ಏಳು ವಾರ ಆಯ್ತು," ಬ್ರಿನ್ ಬೆರಳು ಮಡಚಿದಳು. "ಬೀಜ ಬಲಿತಿರತ್ತೆ, ನಾಳೆ ಕಡೀಬಹುದು. ಎರಡನೇದಾದ್ರೆ ನಾಲ್ಕೂವರೆ. ಕಡಿದ್ರೆ ಬರೀ ಜೊಳ್ಳು. ಒಂದು ತಾರೀಖು, ಅಮ್ಮ. ಒಂದು ತಾರೀಖು ಬರೆದಿಡೋಕೆ ಏನಾಗಿತ್ತು?"

ಏನಾಗಿತ್ತೆಂದರೆ, ಸೊರೆಲ್‌ಗೆ ಒಂಬತ್ತು ವರ್ಷವಿದ್ದಾಗ ಜಿಲ್ಲೆಯ ಷೆರಿಫನ ಪೊಲೀಸರು ಬಂದು ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರನ್ನು ಮೊಳೆಸಮೇತ ಕಿತ್ತುಕೊಂಡು ಹೋಗಿದ್ದರು. ಅದರಲ್ಲಿ ಪ್ಯಾಟ್ ಪೆನ್ಸಿಲಿನಿಂದ ಬಿತ್ತಿದ ದಿನ, ಗೊಬ್ಬರ ಹಾಕಿದ ದಿನ ಗುರುತು ಮಾಡಿದ್ದಳು. ಕ್ಯಾಲೆಂಡರಿನ ಹಿಂದೆಯೇ ಪ್ಯಾಟ್‌ಳನ್ನೂ ಕರೆದುಕೊಂಡು ಹೋದರು. ಹನ್ನೊಂದು ದಿನ. ಆ ಹನ್ನೊಂದು ದಿನ ಸೊರೆಲ್ ಕೆಳಗಿನ ತಪ್ಪಲಿನ ಡುವೇನ್ ಮನೆಯಲ್ಲಿ ಅವನ ಹಾಸಿಗೆಯಲ್ಲಿ ಮಲಗಿದಳು. ಅವನು ನಾಯಿಯ ಜೊತೆ ನೆಲದಲ್ಲಿ. ಅಮ್ಮ ವಾಪಸು ಬಂದಾಗ ತೆಳ್ಳಗಾಗಿದ್ದಳು, ಮಗಳನ್ನು ಎತ್ತಿಕೊಳ್ಳುವ ಮುಂಚೆ ಗೋಡೆಯ ಮೇಲಿನ ಬರಿ ಮೊಳೆತೂತನ್ನು ನೋಡಿದಳು. ಅವತ್ತಿನಿಂದ ಆ ಮನೆಯಲ್ಲಿ ಪೆನ್ಸಿಲು ಚಿತ್ರ ಬಿಡಿಸಲಷ್ಟೇ ಇತ್ತು.

ಉಳಿದ ಕಟ್ಟಳೆಗಳೂ ಹಾಗೆಯೇ. ಫೋನಿನಲ್ಲಿ ತೋಟದ ಮಾತಿಲ್ಲ. ಟೀಚರು ಕೇಳಿದರೆ ಅಮ್ಮ ಬುಟ್ಟಿ ಹೆಣೆಯುತ್ತಾಳೆ ಎನ್ನಬೇಕು. ಪ್ಯಾಟ್‌ಗೆ ಬುಟ್ಟಿ ಹೆಣೆಯಲು ಬರುತ್ತಿರಲಿಲ್ಲ. ಮನೆಯಲ್ಲಿದ್ದ ಎರಡು ಬುಟ್ಟಿಯನ್ನೂ ದುಡ್ಡು ಕೊಟ್ಟು ತಂದದ್ದು. ಪೊಲೀಸರ ಹೆಲಿಕಾಪ್ಟರಿನ ಸದ್ದು ಕೇಳಿದರೆ ಓಡಬಾರದು, ಹತ್ತಿರದ ಮರದ ಕೆಳಗೆ ಮಲಗಿಬಿಡಬೇಕು. ಗಿಡಗಳನ್ನೂ ಮಲಗಿಸುತ್ತಿದ್ದರು. ಎಳೆಯದರಲ್ಲೇ ಕಾಂಡ ಬಗ್ಗಿಸಿ, ಹುಲ್ಲುಹೊರೆ ಕಟ್ಟುವ ಹುರಿಯಿಂದ ನೆಲದ ಗೂಟಕ್ಕೆ ಬಿಗಿದು, ಪೊದೆಗಳ ಕೆಳಗೆ ಚಪ್ಪಟೆಯಾಗಿ ಹರಡಿಸಿ, ಮೇಲೆ ಕೆಸರು ಮೆತ್ತಿದ ಬಲೆ. ಆ ಹುರಿಯ ಗಂಟನ್ನು ಸೊರೆಲ್ ಬೂಟಿನ ಲೇಸು ಕಟ್ಟಲು ಕಲಿಯುವ ಮುಂಚೆಯೇ ಕಲಿತಿದ್ದಳು.

ಇದನ್ನೆಲ್ಲ ಅವಳು ಮಗಳಿಗೆ ಹೇಳಲಿಲ್ಲ. ಕೆಂಪು ಉಣ್ಣೆಯ ಕೊಂಬೆಯಿಂದ ಒಂದು ಬೀಜ ಬಿಡಿಸಿ ಉಗುರಿನಿಂದ ಒತ್ತಿದಳು. ಹಸಿರು ಚರ್ಮ ಒಡೆದು ಹಾಲು ಬಂತು. ಇನ್ನೊಂದು ಕೊಂಬೆಯ ಬೀಜದ ಮೇಲೆ ಕಂದು ಗೆರೆ ಆಗಲೇ ಮೂಡಿತ್ತು, ಆದರೂ ಬೆರಳ ನಡುವೆ ಚಪ್ಪಟೆಯಾಯಿತು.

"ಎರಡನೇ ಹೊಗೆ," ಎಂದಳು. "ಇನ್ನೂ ಹತ್ತು ದಿನ ಬೇಕು."

ಶುಕ್ರವಾರ ಡುವೇನ್ ತನ್ನ ಕೆಲಸ ಮುಗಿಸಿ ಇವರಿಗೆ ಕೈ ಜೋಡಿಸಲು ಬಂದ. ಕಡಿಯುವ ಕಾಲದಲ್ಲಿ ಇವರ ಮನೆಗೆ ಅವರು, ಅವರ ಮನೆಗೆ ಇವರು; ಬಂದವರಿಗೆ ಜಿಂಕೆ ಮಾಂಸದ ಸಾರು, ಜೋಳದ ರೊಟ್ಟಿ. ಸಂಜೆಯ ಹೊತ್ತಿಗೆ ಶೆಡ್ಡಿನ ತಂತಿಗಳ ಮೇಲೆ ಕೊಂಬೆಗಳು ಸಾಲಾಗಿ ತಲೆಕೆಳಗಾಗಿ ತೂಗಿದವು. ಡುವೇನ್ ಕತ್ತರಿಯ ಅಂಟನ್ನು ಎಣ್ಣೆಯಿಂದ ಒರೆಸುತ್ತ ಹೊರಗೆ ಬಂದು, ಬೋಳಾದ ಮಡಿಗಳ ಕೊನೆಗೆ ಒಂಟಿಯಾಗಿ ನಿಂತಿದ್ದ ಗಿಡವನ್ನು ನೋಡಿದ.

"ಅದೇನು, ಮಳೆರಾಯನಿಗೆ ಕಾಣಿಕೆನಾ?"

"ಅದಿನ್ನೂ ಬಲಿತಿಲ್ಲ."

"ಹಣ್ಣಾಗಿ ಉದುರೋ ಹಂಗಿದೆ." ಅವನು ಹತ್ತಿರ ಹೋದ. ಬಗ್ಗಿದ. ಕೆಂಪು ಉಣ್ಣೆ ಕಂಡಿತು. ಅಲ್ಲಿನ ಗೊನೆಯೊಂದನ್ನು ಬೆರಳಿನಿಂದ ಬಿಡಿಸಿ ನೋಡಿದ, ಒಳಗೆ ಬೀಜ.

"ಗಂಡು ಎಲ್ಲಿಟ್ಟಿದ್ದೆ?"

"ಬಸ್ಸಲ್ಲಿ. ಕಿಟಕಿಗೆಲ್ಲ ಒದ್ದೆ ಬಟ್ಟೆ ಕಟ್ಟಿದ್ದೆ. ನಿನ್ನ ತೋಟಕ್ಕೆ ಒಂದು ಚೂರೂ ಬಂದಿಲ್ಲ, ನಾನೇ ಬಂದು ನೋಡಿದೀನಿ."

"ಓ, ಅದಕ್ಕೆ ಸೆಪ್ಟೆಂಬರ್ ಪೂರ್ತಿ ದಿನಾ ಸೇಬಿನ ಪೈ ಹೊತ್ಕೊಂಡು ಬರ್ತಿದ್ದೆ. ನಾನು ಮಹಾರಾಯ್ತಿಗೆ ನನ್ನ ಮೇಲೆ ಮನಸ್ಸಾಯ್ತೇನೋ ಅಂದ್ಕೊಂಡಿದ್ದೆ."

"ಕನ್ನಡಿ ನೋಡ್ಕೊ ಹೋಗು."

ಡುವೇನ್ ನಗಲಿಲ್ಲ. ಒಂದು ಎಲೆ ಕಿವುಚಿ ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

"ಪ್ಯಾಟ್," ಎಂದ. "ಇಷ್ಟೇನಾ ಉಳಿದಿರೋದು?"

"ಇಷ್ಟೇ."

"ಕಾಯ್ದುಕೊ ಹಂಗಾದ್ರೆ. ನೆತ್ತಿ ಮೇಲೆ ಗಾಳಿ ಜೋರಿರತ್ತಂತೆ." ಗಾಡಿ ಹತ್ತಿದವನು ಕಿಟಕಿಯಿಂದ ತಲೆ ಹಾಕಿ ಸೇರಿಸಿದ: "ಪೈ ಮಾತ್ರ ನಿಲ್ಲಿಸಬೇಡ."

ಶನಿವಾರ ಬೆಳಿಗ್ಗೆ ಆಕಾಶ ಇನ್ನೂ ತಿಳಿಯಾಗಿತ್ತು, ಆದರೆ ಗಾಳಿ ದಿಕ್ಕು ಬದಲಿಸಿ ಸಮುದ್ರದ ಉಪ್ಪು ತರುತ್ತಿತ್ತು. ಸೊರೆಲ್‌ಗೆ ರಾತ್ರಿಯಿಡೀ ಒಂದೇ ಚಿಂತೆಯಾಗಿತ್ತು, ಗಾಳಿ. ನೆನೆದು ಭಾರವಾದ ಕೊಂಬೆ ಒಂದು ಹೊಡೆತಕ್ಕೆ ಕವಲಿನಲ್ಲಿ ಸೀಳಿ ಕಾಂಡದ ಅರ್ಧ ಸಿಪ್ಪೆಯನ್ನೂ ಎಳೆದುಕೊಂಡು ಬೀಳುತ್ತದೆ, ಅದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಶೆಡ್ಡಿನಲ್ಲಿ ಎರಡು ಟಾರ್ಪಾಲು ಇದ್ದವು. ಒಂದು ಬಿಳಿ, ದೊಡ್ಡದು, ಹೊಸದು. ಇನ್ನೊಂದು ಅಮ್ಮನ ಕಾಲದ್ದು, ಕಂದು ಹಸಿರು ಬಣ್ಣದ್ದು. ಅವಳ ಕೈ ಕಂದು ಹಸಿರಿನದನ್ನು ಎತ್ತಿಕೊಂಡಿತು. ಯಾಕೆಂದು ಅವಳು ಯೋಚಿಸಲೂ ಇಲ್ಲ.

ಗಿಡದ ಸುತ್ತ ಗೂಟ ಹೊಡೆದಳು. ಒಂದೊಂದೇ ಕೊಂಬೆಯನ್ನು ಮೆಲ್ಲಗೆ, ಮುರಿಯದ ಹಾಗೆ, ಬುಡದಲ್ಲಿ ಹೆಬ್ಬೆರಳು ಊರಿ ಬಗ್ಗಿಸಿ ಕೆಳಕ್ಕೆ ಬಿಗಿದಳು. ಎಷ್ಟೋ ವರ್ಷ ಕಟ್ಟದಿದ್ದ ಗಂಟು ಬೆರಳಿಗೆ ತಾನಾಗಿ ಬಂತು. ಆರಡಿಯ ಗಿಡ ಮಂಡಿಯೆತ್ತರಕ್ಕೆ ಕುಗ್ಗಿ, ಗೊನೆಗಳು ಒಂದರ ಮೇಲೊಂದು ಒರಗಿ ಮಲಗಿದವು. ಮೇಲೆ ಟಾರ್ಪಾಲು ಹೊದಿಸಿ, ಅಂಚುಗಳನ್ನು ನೆಲಕ್ಕೆ ಮುಟ್ಟಿಸಿ, ಸುತ್ತಲೂ ಕಲ್ಲು ಹೇರಿದಳು. ಎದ್ದು ನಿಂತು ದೂರದಿಂದ ನೋಡಿದಾಗ ಅಲ್ಲೇನೋ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಅದನ್ನು ನೋಡಿ ಅವಳ ಎದೆ ಎರಡು ದಿನದಲ್ಲಿ ಮೊದಲ ಸಲ ಸಡಿಲಾಯಿತು.

ಮಧ್ಯಾಹ್ನ ಎರಡಕ್ಕೆ ಮಳೆ ಹಿಡಿಯಿತು. ಮೊದಲು ತಗಡಿನ ಮೇಲೆ ಕಾಳು ಚೆಲ್ಲಿದ ಹಾಗೆ, ಆಮೇಲೆ ಚೀಲವನ್ನೇ ಸುರಿದ ಹಾಗೆ. ಸೊರೆಲ್ ಕಿಟಕಿಗೂ ಒಲೆಗೂ ನಡುವೆ ಓಡಾಡಿದಳು. ಆಲ್ಡೊನನ್ನು ಸೊಂಟದ ಮೇಲೆ ಕೂರಿಸಿಕೊಂಡು, "ನೋಡು, ನಿನ್ನ ಮುತ್ತಜ್ಜಿ ಅಲ್ಲಿದಾಳೆ, ಬೆಚ್ಚಗಿದಾಳೆ," ಎಂದಳು. ಮಗು ಕಿಟಕಿ ಗಾಜು ನೆಕ್ಕಿತು.

"ಹತ್ತನೇ ಸಲ ನೋಡ್ತಿದೀಯ," ಎಂದಳು ಬ್ರಿನ್. "ನಾನು ಇವನು ಹುಟ್ಟಿದ ಹೊಸದರಲ್ಲಿ ಹಿಂಗೇ ಮಾಡ್ತಿದ್ದೆ. ಉಸಿರಾಡ್ತಿದಾನಾ ಅಂತ."

"ನೀನು ಹುಟ್ಟಿದಾಗ ನಾನೂ."

"ಅದೇ ಅಮ್ಮ. ಹೊದಿಕೆ ಮೂಗಿನ ತನಕ ಎಳೆದಿದ್ರೆ ಆಮೇಲೆ ನಿದ್ದೆ ಬರ್ತಿರಲಿಲ್ಲ."

ಆ ಮಾತು ಇಬ್ಬರಿಗೂ ಆಗ ಏನೂ ಅನ್ನಿಸದೆ ಹೋಯಿತು.

ಭಾನುವಾರ ಬೆಳಿಗ್ಗೆ ಮಳೆ ಸ್ವಲ್ಪ ತೆಳುವಾಗಿತ್ತು. ಗಾಳಿಗೆ ರಸ್ತೆಬದಿಯ ಓಕ್ ಮರವೊಂದು ಅಡ್ಡ ಬಿದ್ದಿತ್ತು. ಆದರೆ ಟಾರ್ಪಾಲು ಅಲುಗಿರಲಿಲ್ಲ, ಒಂದು ಕಲ್ಲೂ ಜರುಗಿರಲಿಲ್ಲ. ಸೊರೆಲ್ ರೇನ್‌ಕೋಟು ಹಾಕಿಕೊಂಡು ಹೋಗಿ, ಒಂದು ಅಂಚನ್ನು ಎತ್ತಿ ಒಳಗೆ ಕೈ ಹಾಕಿದಳು.

ಒಳಗೆ ಸೆಖೆಯಿತ್ತು. ಸ್ನಾನದ ಮನೆಯ ಹಾಗೆ. ಟಾರ್ಪಾಲಿನ ಒಳಮೈಯಿಂದ ಹನಿಗಳು ತೊಟ್ಟಿಕ್ಕುತ್ತಿದ್ದವು. ನೆಲದ ತೇವ, ಗಿಡದ ಉಸಿರು ಎಲ್ಲಾ ಹೊರಗೆ ಹೋಗಲು ದಾರಿಯಿಲ್ಲದೆ ಗೊನೆಗಳ ಮೇಲೆಯೇ ಮರಳಿ ಇಳಿಯುತ್ತಿತ್ತು. ಬೆರಳಿಗೆ ಒಂದು ಹಳದಿ ಎಲೆ ಸಿಕ್ಕಿತು. ಎಳೆದಳು. ಸಲೀಸಾಗಿ ಬಂತು.

ಅವಳು ಕೆಸರಿನಲ್ಲಿ ಕೂತುಬಿಟ್ಟಳು.

ಬ್ರಿನ್ ಮಗುವನ್ನು ತೊಟ್ಟಿಲಿಗೆ ಹಾಕಿ ಓಡಿಬಂದಾಗ ಅವಳಮ್ಮ ಇನ್ನೂ ಆ ಎಲೆಯನ್ನೇ ಹಿಡಿದುಕೊಂಡಿದ್ದಳು. ಬ್ರಿನ್ ಗಿಡ ನೋಡಿದಳು, ಗೂಟ ನೋಡಿದಳು, ಹುರಿ, ಕಲ್ಲು, ಕಂದು ಹಸಿರಿನ ಹೊದಿಕೆ. ಅವಳು ಇಂಥದ್ದನ್ನು ಎಂದೂ ಕಂಡವಳಲ್ಲ.

"ಅಮ್ಮ," ಎಂದಳು, ಮೆಲ್ಲಗೆ, "ಇದನ್ನ ಯಾರಿಂದ ಬಚ್ಚಿಡ್ತಿದೀಯ?"

ಸೊರೆಲ್ ಕೈಯಲ್ಲಿದ್ದ ಎಲೆಯನ್ನು ಕೆಸರಿಗೆ ಹಾಕಿದಳು.

"ಮಳೆಗೆ ಕಣ್ಣಿಲ್ಲ ಅಮ್ಮ. ಅದು ಕಂಡುಬಿಡತ್ತೆ ಅಂತ ಮಲಗಿಸಿದೀಯಲ್ಲ."

ಹಾಗೆ ಅನ್ನುತ್ತ ಬ್ರಿನ್ ಕಲ್ಲುಗಳನ್ನು ಒದ್ದು ಸರಿಸತೊಡಗಿದ್ದಳು. ಸೊರೆಲ್‌ಗೆ ಒಂದು ಕ್ಷಣ ನಿಜವಾಗಿಯೂ ಭಯವಾಯಿತು. ತೆಗೀಬೇಡ, ಕಾಣತ್ತೆ, ಎಂದು ನಾಲಿಗೆಯ ತುದಿಗೆ ಬಂದಿತ್ತು. ಆಕಾಶ ನೋಡಿದಳು. ಮೋಡದ ಹೊರತು ಅಲ್ಲಿ ಯಾರೂ ಇರಲಿಲ್ಲ. ಹತ್ತು ವರ್ಷಕ್ಕೂ ಮೇಲಾಯಿತು ಯಾರೂ ಇಲ್ಲದೆ.

ಎದ್ದಳು. ಮಂಡಿ ಕಟಕ್ಕೆಂದಿತು.

"ಶೆಡ್ಡಲ್ಲಿ ಬಿಳೀದಿದೆ ನೋಡು. ನೀರಿನ ಉದ್ದ ಪೈಪು ನಾಲ್ಕು ತಾ. ಕತ್ತರಿ ತಾ, ಸ್ಪಿರಿಟ್ಟಿನ ಬಾಟಲಿನೂ. ಡುವೇನ್‌ಗೆ ಫೋನ್ ಮಾಡು."

"ಏನು ಹೇಳಲಿ?"

"ಪ್ಯಾಟ್ ಗಿಡಕ್ಕೆ ಬೂಷ್ಟು ಬಿದ್ದಿದೆ ಅಂತ. ಇದ್ದದ್ದು ಇದ್ದ ಹಂಗೆ ಹೇಳು."

ಫೋನಿನಲ್ಲಿ ಈ ಮನೆಯಿಂದ ಗಿಡದ ಮಾತು ಹೋದದ್ದು ಅದೇ ಮೊದಲು.

ಹುರಿ ಕತ್ತರಿಸಿದ ಹಾಗೆಲ್ಲ ಕೊಂಬೆಗಳು ನಡುಗುತ್ತ ಮೇಲೆದ್ದವು. ಎಂಟು ಗೊನೆಗಳಲ್ಲಿ ಬೂಷ್ಟು ಕಂಡಿತು. ಅದು ಕೆಂಪು ಉಣ್ಣೆಯ ಕೊಂಬೆಯಿಂದ ಮೂರೇ ಬೆರಳಿನ ದೂರಕ್ಕೆ ಬಂದಿತ್ತು. ಡುವೇನ್ ಅಡ್ಡಬಿದ್ದ ಓಕ್ ಮರವನ್ನು ಗರಗಸದಿಂದ ಕೊಯ್ದು ದಾರಿ ಮಾಡಿಕೊಂಡು ಬರುವ ಹೊತ್ತಿಗೆ ಸೊರೆಲ್ ಏನು ಮಾಡಬೇಕೆಂದು ತೀರ್ಮಾನಿಸಿಬಿಟ್ಟಿದ್ದಳು. ಗಿಡದ ಮೇಲಿನ ಭಾಗ, ಒಳ್ಳೆಯದು ಕೆಟ್ಟದ್ದು ಎನ್ನದೆ, ಒಂದೊಂದೇ ಕಡಿದು ಹಾಕಿದಳು. ಪ್ರತಿ ಸಲ ಕಡಿಯುವ ಮುಂಚೆ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬೂಷ್ಟಿನ ಪುಡಿ ಹಾರದ ಹಾಗೆ ಗೊನೆಯನ್ನು ಚೀಲದೊಳಗೆ ಹಿಡಿದು.

"ಅಯ್ಯೋ, ಆ ಗೊನೆ ಚೆನ್ನಾಗೇ ಇದೆಯಲ್ಲ," ಎಂದ ಡುವೇನ್. "ಗುಡ್ಡದಲ್ಲೇ ಅಂಥದ್ದು ಯಾರ ಹತ್ರನೂ ಇಲ್ಲ."

"ನಂಗೆ ಬೇಕಾಗಿರೋದು ಗಾಳಿ," ಎಂದಳು ಸೊರೆಲ್, ಮತ್ತೆ ಕತ್ತರಿ ಅದ್ದಿದಳು.

ಕೊನೆಗೆ ಉಳಿದದ್ದು ಒಂದು ಮೋಟು ಕಾಂಡ, ಕೆಂಪು ಉಣ್ಣೆಯ ಎರಡು ಕೊಂಬೆ, ಒಂದಿಷ್ಟು ಎಲೆ. ನಾಲ್ಕು ಪೈಪು ನೆಟ್ಟು ಬಿಳಿ ಟಾರ್ಪಾಲನ್ನು ತಲೆಗಿಂತ ಎತ್ತರಕ್ಕೆ, ನೀರು ಜಾರುವಂತೆ ಒಂದು ಕಡೆ ಇಳಿಜಾರಾಗಿ ಕಟ್ಟಿದರು. ನಾಲ್ಕು ಬದಿಯೂ ಬಯಲು. ಗಾಳಿ ಒಂದು ಕಡೆಯಿಂದ ಬಂದು ಕೊಂಬೆಗಳನ್ನು ಅಲ್ಲಾಡಿಸಿ ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಬೋಳು ಗುಡ್ಡದ ನೆತ್ತಿಯಲ್ಲಿ ಆ ಬಿಳಿ ಮಾಡು ಮದುವೆ ಚಪ್ಪರದಂತೆ ಹೊಳೆಯಿತು.

"ಕೆಳಗಿನ ಹೈವೇಯಿಂದಲೂ ಕಾಣತ್ತೆ," ಎಂದ ಡುವೇನ್. "ನಿಮ್ಮಮ್ಮ ಇದ್ದಿದ್ರೆ ಇಬ್ಬರಿಗೂ ಬೆತ್ತದಲ್ಲಿ ಬಿಡ್ತಿದ್ಲು."

"ಮೊದಲು ನಿಂಗೆ. ನೀನು ದೊಡ್ಡವನು."

"ಒಂದೇ ವರ್ಷ ಕಣೆ."

ಬ್ರಿನ್ ಇಬ್ಬರಿಗೂ ಕಾಫಿ ತಂದಳು. ಡುವೇನ್ ಕಪ್ಪು ಹಿಡಿದ ಕೈ ತಡೆದು, ಮಾಡಿನ ಕೆಳಗಿನ ಮೋಟು ಗಿಡದ ಕಡೆ ನೋಡಿ, "ಆ ಹನ್ನೊಂದು ದಿನ ಇವಳು ಒಂದು ಮಾತೂ ಆಡಿರಲಿಲ್ಲ, ಗೊತ್ತಾ ಬ್ರಿನ್?" ಎಂದ. "ನಮ್ಮ ನಾಯಿ ಹತ್ರ ಮಾತ್ರ. ಅದೂ ಪಿಸುಗುಟ್ಟಿ."

"ಯಾವ ಹನ್ನೊಂದು ದಿನ?" ಎಂದಳು ಬ್ರಿನ್.

ಸೊರೆಲ್ ಕಾಫಿಯನ್ನು ಪಕ್ಕದ ಕಲ್ಲಿನ ಮೇಲಿಟ್ಟಳು. ಆಮೇಲೆ, ಮಳೆ ಮಾಡಿನ ಮೇಲೆ ಬೀಳುತ್ತಿರುವಂತೆಯೇ, ಕ್ಯಾಲೆಂಡರಿನ ಕಥೆ ಹೇಳಿದಳು.

ಮುಂದಿನ ಹತ್ತು ದಿನ ನೆಮ್ಮದಿಯ ದಿನಗಳೇನೂ ಆಗಿರಲಿಲ್ಲ. ಸೋಮವಾರ ಒಂದು ಕೊಂಬೆಯ ನಡುವಿನಲ್ಲಿ ಬೂದು ಚುಕ್ಕೆಯೊಂದು ಕಂಡು, ಆ ಕೊಂಬೆಯ ಅರ್ಧವನ್ನು ಬೀಜಸಮೇತ ಕಡಿದು ಒಲೆಗೆ ಹಾಕಬೇಕಾಯಿತು. ಅವತ್ತು ಸೊರೆಲ್ ಊಟ ಮಾಡಲಿಲ್ಲ. ಮಂಗಳವಾರ ಮಳೆ ನಿಂತು ಮಂಜು ಕೂತಿತು, ಅದು ಮಳೆಗಿಂತ ಕೆಟ್ಟದ್ದು. ಅಡುಗೆಮನೆಯ ಫ್ಯಾನಿಗೆ ಉದ್ದ ವೈರು ಎಳೆದು ಗಿಡದ ಪಕ್ಕ ಇಟ್ಟರು. ದಿನಕ್ಕೆ ನಾಲ್ಕು ಸಲ ಅವಳು ಹೋಗಿ ಒಂದೊಂದು ಎಲೆಯನ್ನೂ ಮೆಲ್ಲಗೆ ಎಳೆದು ನೋಡುವಳು. ಎಲೆ ಬಿಗಿಯಾಗಿದ್ದರೆ ಉಸಿರು ಬಿಡುವಳು. ಬ್ರಿನ್ ಬೇಡ ಎನ್ನಲಿಲ್ಲ. ಮಗು ಮಲಗಿದಾಗ ತಾನೂ ಹೋಗಿ ಎಳೆದು ನೋಡಿ ಬರುತ್ತಿದ್ದಳು.

ಅಕ್ಟೋಬರ್ ಕೊನೆಯ ವಾರ ಬಿಸಿಲು ಬಂದು ಉಳಿದ ಒಂದೂವರೆ ಕೊಂಬೆ ಕಡಿದರು. ಬಟ್ಟೆಯ ಮೇಲೆ ಉಜ್ಜಿದಾಗ ಉದುರಿದ್ದು ಒಂದು ಟೀ ಚಮಚಕ್ಕಿಂತ ಕಡಿಮೆ. ಕೆಲವು ಬೆಳ್ಳಗಿದ್ದವು, ಒತ್ತಿದರೆ ಪುಡಿ. ಉಳಿದವು ಕಂದು, ಮೈಮೇಲೆ ಹುಲಿಪಟ್ಟೆ. ಎರಡು ವಾರ ನೆರಳಲ್ಲಿ ಒಣಗಿಸಿ, ಅದರಲ್ಲಿ ಐದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಟ್ಟಲಿನಲ್ಲಿಟ್ಟು ಒಲೆಯ ಮೇಲಿನ ಹಲಗೆಗೇರಿಸಿದಳು. ಇವು ಮೊಳೆತರೆ ಉಳಿದವೂ ಮೊಳೆಯುತ್ತವೆ. ಮೊಳೆಯದಿದ್ದರೆ ಮಾಡಲು ಏನೂ ಇಲ್ಲ.

ಮೊದಲ ದಿನ ಇಲ್ಲ. ಎರಡನೆಯ ದಿನ ಇಲ್ಲ. ಮೂರು, ನಾಲ್ಕು. ಐದನೆಯ ಬೆಳಿಗ್ಗೆ ಆಲ್ಡೊಗೆ ಓಟ್ಸ್ ಗಂಜಿ ತಿನ್ನಿಸುತ್ತಿದ್ದ ಬ್ರಿನ್, ಹಿಂದೆ ಅಮ್ಮನ ಸದ್ದೇ ಇಲ್ಲವೆನಿಸಿ ತಿರುಗಿದಳು. ಸೊರೆಲ್ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು.

"ಏನಮ್ಮ?"

"ಮೂರು," ಎಂದಳು ಸೊರೆಲ್. "ಬಾಲ ಬಿಟ್ಟಿವೆ. ನಾಲ್ಕನೇದೂ ಬಿರಿದಿದೆ."

ಬಟ್ಟೆಯ ಮೇಲೆ ಮೂರು ಬಿಳಿ ಎಳೆಗಳು, ಅಕ್ಕಿಯ ನುಚ್ಚಿನಷ್ಟು. ಬ್ರಿನ್ ಅಮ್ಮನ ಭುಜದ ಮೇಲೆ ಗಲ್ಲವಿಟ್ಟು ನೋಡಿದಳು. ಮಗು ಗಂಜಿಗಾಗಿ ಮೇಜು ಬಡಿಯಿತು, ಇಬ್ಬರೂ ತಿರುಗಲಿಲ್ಲ.

ಸೊರೆಲ್ ಉಳಿದ ಬೀಜವನ್ನು ಎರಡು ಪಾಲು ಮಾಡಿದಳು. ಒಂದು ಡುವೇನ್‌ನ ಫ್ರೀಜರಿಗೆ. ಎರಡು ಮನೆಯಲ್ಲಿದ್ದರೆ ಒಂದು ಕಡೆಯದು ಹಾಳಾದರೂ ಇನ್ನೊಂದಿರುತ್ತದೆ. ಇನ್ನೊಂದು ಪಾಲನ್ನು ಸಾಸಿವೆ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ಬಾಟಲಿಗೆ ಒಂದು ಚೀಟಿ ಅಂಟಿಸಿದಳು. ಚೀಟಿ ಖಾಲಿಯಿತ್ತು.

"ಪೆನ್ನು ಕೊಡೆ," ಎಂದಳು. "ಇವತ್ತು ತಾರೀಖೆಷ್ಟು?"

"ನವೆಂಬರ್ ಹದಿನಾರು."

ಬಾಟಲಿಯ ಉರುಟು ಮೈಮೇಲೆ ಅಕ್ಷರ ಸೊಟ್ಟಗೆ ಬಂದವು. ಮೊದಲು ತಾರೀಖು. ಅದರ ಕೆಳಗೆ, ನಿಧಾನವಾಗಿ, ಪೂರ್ತಿ ಹೆಸರು: ಪ್ಯಾಟ್ರಿಷಿಯಾ ಹ್ಯಾಡ್ಲಾಕ್. ಬರೆದು, ಶಾಯಿ ಆರಲೆಂದು ಊದಿದಳು. ಆಮೇಲೆ ಫ್ರೀಜರಿನ ಮೂಲೆಗೆ ತಳ್ಳದೆ, ಬಾಗಿಲು ತೆಗೆದ ಕೂಡಲೇ ಕಾಣುವ ಹಾಗೆ, ಮುಂದಿನ ಸಾಲಿನಲ್ಲೇ ಇಟ್ಟಳು.